ಮುಂದಾಗುವದನ್ನು ಬಲ್ಲವನಿಗೆ ಲಾಭವೇನು?

ಮುಂದೆ ಆಗುವದನ್ನು ಇಂದೇ ತಿಳಿಯಬೇಕೆಂಬ ಆಶೆಯು ಮನುಷ್ಯನಲ್ಲಿ ಬಹು ಹಳೆಯದು. ಬಿತ್ತುವಾಗ ಮಳೆಯ ವಿಷಯ ಕೇಳುತ್ತೇವೆ. ಮಗಳನ್ನು ಕೊಡುವಾಗ ಆಕೆಯ ಬಾಳಿನ ವಿಷಯ ಕೇಳುತ್ತೇವೆ. ರೋಗ ಬಂದಾಗ ಆಯುಷ್ಯದ ವಿಷಯ ಕೇಳುತ್ತೇವೆ. ಕಣಿ ಹೇಳುವವರ ಬಾಗಿಲಿಗೆ ಹೋಗುವದನ್ನು ನಾವು ಬಿಟ್ಟಿದ್ದರೂ ಆ ಆಶೆಯು ನಮ್ಮನ್ನು ಬಿಟ್ಟಿತೆಂದು ಹೇಳಲಾರೆವು. ಒಳ್ಳೇದು, ಅದು ಪೂರ್ಣವಾಗಿ ನೆರವೇರಿದರೆ ಮನುಷ್ಯನ ಗತಿಯೇನು? ಈ ಪ್ರಶ್ನೆಯನ್ನು ಒಂದು ಕಲ್ಪಿತ ಕಥೆಯು ನಮ್ಮ ಮುಂದಿಡುತ್ತದೆ.

ಅಮೇರಿಕಾ ದೇಶದಲ್ಲಿ 1993ನೆಯ ಇಸವಿಯಲ್ಲಿ 'ದಿ ಎಕ್ಸ್-ಫೈಲ್ಸ್' ಎಂಬ ಟೆಲಿವಿಷನ್ ಕಥಾಮಾಲೆಯು ಆರಂಭವಾಯಿತು. ಎಫ್.ಬಿ.ಐ. ಎಂಬ ಸರಕಾರಿ ತನಿಖಾ ಇಲಾಖೆಯ ಇಬ್ಬರು ಅಧಿಕಾರಿಗಳು ಬುದ್ಧಿಗೆ ನಿಲುಕದ ಸಂಗತಿಗಳನ್ನು ಶೋಧಿಸುವದೇ ಅದರ ವಸ್ತು. ಮಲ್ಡರ್ ಎಂಬವನು ಅಂಥವುಗಳನ್ನು ನಂಬುವವನು. ಸ್ಕಲಿ ಎಂಬಾಕೆಯು ವೈದ್ಯಳು, ಸಾಕ್ಷಿಯಿಲ್ಲದೆ ಒಪ್ಪದವಳು. ಈ ಮಾಲೆಯಲ್ಲಿ 1995ನೆಯ ಅಕ್ಟೋಬರ್ 13ರಂದು ತೋರಿಸಲ್ಪಟ್ಟ ಒಂದು ಕಥೆಯ ಹೆಸರು 'ಕ್ಲೈಡ್ ಬ್ರಕ್‌ಮನ್ಸ್ ಫೈನಲ್ ರಿಪೋಸ್', ಅಂದರೆ ಕ್ಲೈಡ್ ಬ್ರಕ್‌ಮನ್ ಎಂಬವನ ಕಡೇ ವಿಶ್ರಾಂತಿ. ಇದನ್ನು ಬರೆದ ಡ್ಯಾರಿನ್ ಮಾರ್ಗನ್ ಎಂಬವನಿಗೂ, ಬ್ರಕ್‌ಮನ್ನನ ಪಾತ್ರವನ್ನು ವಹಿಸಿದ ಪೀಟರ್ ಬಾಯ್ಲ್ ಎಂಬವನಿಗೂ 1996ರಲ್ಲಿ ಎಮ್ಮಿ ಎಂಬ ಬಹುಮಾನವು ದೊರಕಿತು.

ಬ್ರಕ್‌ಮನ್ನನು ಮಿನೆಸೋಟ ಪ್ರಾಂತದ ಸೇಂಟ್ ಪಾಲ್ ಪಟ್ಟಣದಲ್ಲಿ ಜೀವವಿಮೆ ಮಾರುವ ಒಬ್ಬ ಒಂಟಿ ಮುದುಕನು. ಯಾರನ್ನು ಕಂಡರೂ ಅವರ ಮರಣವು ಹೇಗಾಗುವದೆಂದು ಅವನಿಗೆ ಕಾಣುತ್ತದೆ. ಈ ವರವು, ಅಲ್ಲ, ಈ ಭಾರವು ಅವನ ಮೇಲೆ ಬಂದ ಬಗೆಯನ್ನು ಕೇಳಿರಿ. 1959ನೆಯ ಫೆಬ್ರವರಿ 3ರಂದು ಅಯೋವ ಪ್ರಾಂತದಲ್ಲಿ ಒಂದು ಚಿಕ್ಕ ವಿಮಾನವು ಬಿದ್ದು ಮೂವರು ಪ್ರಸಿದ್ಧ ಗಾಯಕರೂ ಅದರ ಚಾಲಕನೂ ಸತ್ತದ್ದು ನಿಜವಾದ ಸಂಗತಿ. ಅವರಲ್ಲೊಬ್ಬನ ಹಾಡನ್ನು ಕೇಳುವದಕ್ಕೆ ಬ್ರಕ್‌ಮನ್ನನು ಚೀಟಿ ಕೊಂಡಿದ್ದನೆಂದು ಕಥೆಯು ಹೇಳುತ್ತದೆ. ಆ ಗಾಯಕನು ಆ ವಿಮಾನವನ್ನು ಹತ್ತುವದಕ್ಕೆ ಎಷ್ಟು ಚಿಕ್ಕ ಚಿಕ್ಕ ಸಂಗತಿಗಳು ಕೂಡಿ ಬರಬೇಕಾಯಿತೆಂದು ಅವನು ಹಗಲಿರುಳು ಚಿಂತಿಸಿದನು. ಚಿಂತಿಸಿ ಚಿಂತಿಸಿ ಕಡೆಗೆ ಎಲ್ಲರ ಅಂತ್ಯವೂ ಅವನ ಕಣ್ಣಿಗೆ ಕಟ್ಟಿತು.

ಇದರಿಂದ ಅವನಿಗಾದ ಲಾಭವೇನು? ಒಬ್ಬ ಯೌವನಸ್ಥನಿಗೆ ವಿಮೆ ಮಾರಹೋದಾಗ, ಅವನು ಇನ್ನೆರಡು ವರ್ಷಗಳಲ್ಲಿ ದಾರಿಯಲ್ಲಿ ಅಪಘಾತದಿಂದ ಸಾಯುವನೆಂದು ವಿವರಿಸಿಬಿಡುತ್ತಾನೆ. ವ್ಯಾಪಾರವು ಅಲ್ಲಿಗೇ ನಿಂತಿತು. ಇಲ್ಲಿ ನಗುವುಂಟು, ಆದರೆ ನಗುವಿನೊಳಗೆ ಒಂದು ಸತ್ಯವೂ ಉಂಟು. ವಿಮೆಯೆಂದರೇನು? ಯಾರ ದಿನವು ಯಾವಾಗ ಬರುವದೆಂದು ಯಾರೂ ಅರಿಯದಿರುವದರಿಂದಲೇ ಅನೇಕರು ಸ್ವಲ್ಪ ಸ್ವಲ್ಪ ಕೂಡಿಹಾಕುತ್ತಾರೆ. ಅವರಲ್ಲಿ ಒಬ್ಬನು ಬಿದ್ದರೆ ಅವನ ಹೆಂಡತಿಮಕ್ಕಳಿಗೆ ಆಧಾರವಾಗುತ್ತದೆ. ಪ್ರತಿಯೊಬ್ಬನಿಗೆ ತನ್ನ ದಿನವು ಗೊತ್ತಿದ್ದರೆ, ಬಹು ಕಾಲ ಬಾಳುವವನು ಬೇಗ ಸಾಯುವವನೊಂದಿಗೆ ಯಾಕೆ ಕೂಡಿಯಾನು? ಆದಕಾರಣ ನಮ್ಮ ಅಜ್ಞಾನವು ಬರೀ ಕೊರತೆಯಲ್ಲ; ನಾವು ಒಬ್ಬರ ಭಾರವನ್ನೊಬ್ಬರು ಹೊರುವದಕ್ಕೆ ಅದು ಒಂದು ಕಾರಣವೂ ಆಗಿದೆ.

ಇನ್ನೊಬ್ಬನನ್ನು ನೋಡೋಣ. ಆ ಪಟ್ಟಣದಲ್ಲಿ ಕಣಿ ಹೇಳುವವರನ್ನು ಒಬ್ಬೊಬ್ಬರಾಗಿ ಕೊಲ್ಲುವವನೊಬ್ಬನಿದ್ದಾನೆ. ಅವನಿಗೂ ಮುಂದಿನದು ಅಷ್ಟಿಷ್ಟು ಕಾಣುತ್ತದೆ. ತಾನು ಮಾಡುವದನ್ನು ಮೊದಲೇ ಕಾಣುವದರಿಂದ ತಾನು ದಾರಕ್ಕೆ ಕಟ್ಟಿದ ಗೊಂಬೆಯೆಂದು ತಿಳಿಯುತ್ತಾನೆ. ಈ ಕೃತ್ಯಗಳನ್ನು ನಾನು ಯಾಕೆ ಮಾಡುತ್ತೇನೆಂದು ಅವನು ಬ್ರಕ್‌ಮನ್ನನನ್ನು ಕೇಳಿದಾಗ ಮುದುಕನ ಉತ್ತರವು ಬಹು ಸರಳ: ನೀನು ಕೊಲೆಯ ಹುಚ್ಚುಳ್ಳವನಾದ್ದರಿಂದಲೇ. ಹೌದು, ಕಾಣುವದು ಬೇರೆ, ಮಾಡಿಸುವದು ಬೇರೆ. ಮೋಡವನ್ನು ನೋಡಿ ಮಳೆ ಬರುವದೆಂದವನು ಮಳೆಯನ್ನು ಸುರಿಸಲಿಲ್ಲ. ನಮ್ಮ ಅಂತ್ಯವನ್ನು ದೇವರು ಬಲ್ಲನೆಂದು ನಂಬುವ ನಾವು ಇದನ್ನು ಮರೆಯಬಾರದು. ಹಣೆಯಲ್ಲಿ ಬರೆದದ್ದೆಂದು ಹೇಳಿ ಕುಡಿಯುವವನೂ ಹೆಂಡತಿಯನ್ನು ಹೊಡೆಯುವವನೂ ಆ ಗೊಂಬೆಯ ನೆವವನ್ನೇ ಹೇಳುತ್ತಾರಲ್ಲವೋ? ಕಡೆಗೆ ಆ ಕೊಲೆಗಾರನು ಮಲ್ಡರನ ಮೇಲೆ ಬಿದ್ದಾಗ ಸ್ಕಲಿಯು ಅಕಸ್ಮಾತ್ತಾಗಿ ಬೇರೊಂದು ಲಿಫ್ಟನ್ನು ಹತ್ತಿ ಅಲ್ಲಿಗೆ ಬಂದು ಅವನನ್ನು ಗುಂಡಿಟ್ಟು ಕೆಡವುತ್ತಾಳೆ. ಹೀಗಾಗಬಾರದಿತ್ತಲ್ಲಾ ಎಂದು ಅವನು ಬೆರಗಾಗಿ ಸಾಯುತ್ತಾನೆ. ತಾನು ಕಂಡದ್ದೇ ಎಲ್ಲವೂ ಎಂದು ಅವನು ಎಣಿಸಿದ್ದನು.

ಇನ್ನು ಮುದುಕನ ಅಂತ್ಯ. ತಾವಿಬ್ಬರೂ ಒಂದೇ ಮಂಚದ ಮೇಲಿರುವ ಒಂದು ಗಳಿಗೆ ಬರುವದೆಂದೂ, ಆಗ ತನ್ನ ಕಣ್ಣಲ್ಲಿ ನೀರಿರುವದೆಂದೂ, ಆಕೆಯು ಕನಿಕರದಿಂದ ತನ್ನ ಕೈಯನ್ನು ಹಿಡಿದಿರುವಳೆಂದೂ ಅವನು ಸ್ಕಲಿಗೆ ಹೇಳಿದ್ದನು. ಆಕೆಯು ನಂಬಲಿಲ್ಲ. ಆಕೆಯು ಅವನ ಮನೆಗೆ ಬಂದು ನೋಡಿದಾಗ ಅವನು ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡು ಮಂಚದ ಮೇಲೆ ಬಿದ್ದಿದ್ದನು. ಮುಖದ ಮೇಲೆ ಒಂದು ಹನಿ ನೀರಿತ್ತು. ಆಕೆಯು ಮಂಚದ ಮೇಲೆ ಕೂತು ಅವನ ಕೈಯನ್ನು ಹಿಡಿದಳು.

ಅವನ ಈ ಕಡೇ ಕೃತ್ಯವನ್ನು ನಾವು ಒಪ್ಪಲಾರೆವು. ಅವನನ್ನು ಹಳಿಯುವದಕ್ಕೂ ಮನಸ್ಸು ಬರುವದಿಲ್ಲ. ಎಲ್ಲರ ಮರಣವನ್ನು ಕಂಡವನು ಯಾರ ಬಾಳನ್ನೂ ಕಾಣದೆ ಹೋದನು. ಆದರೆ ಆ ಕೈಯನ್ನು ನೋಡಿರಿ. ಹಿಡಿಯುವಳೆಂದು ಮೊದಲೇ ಹೇಳಲ್ಪಟ್ಟದ್ದರಿಂದ ಆಕೆಯ ಕನಿಕರವು ಸುಳ್ಳಾಯಿತೋ? ಇಲ್ಲ, ಅದು ಆಕೆಯ ಸ್ವಂತದ್ದೇ. ಮೊದಲೇ ಕಾಣಲ್ಪಟ್ಟ ಕೊಲೆಯು ಕೊಲೆಯೇ ಆಗಿರುವ ಪ್ರಕಾರ, ಮೊದಲೇ ಕಾಣಲ್ಪಟ್ಟ ಪ್ರೀತಿಯೂ ಪ್ರೀತಿಯೇ.

ಒಂದು ಮಾತು ಮಾತ್ರ ನಮ್ಮ ಮನಸ್ಸನ್ನು ಚುಚ್ಚುತ್ತದೆ. ಆ ಕೈಯು ಬಂದದ್ದು ತಡವಾಗಿ. ಇದಕ್ಕೆ ಆಕೆಯು ತಪ್ಪಿತಸ್ಥಳಲ್ಲ; ಆಕೆಗೆ ತಿಳಿದಿರಲಿಲ್ಲ. ಆದರೆ ನಮ್ಮ ಊರುಗಳಲ್ಲಿಯೂ ಎಲ್ಲವೂ ಮುಗಿಯಿತೆಂದು, ಇನ್ನು ಏನು ಮಾಡಿದರೇನೆಂದು ಹೇಳುತ್ತಾ ಒಂಟಿಯಾಗಿ ಕೂತಿರುವವರುಂಟು: ಸಾಲದಲ್ಲಿ ಮುಳುಗಿದವನು, ಮಕ್ಕಳು ದೂರ ಹೋದ ಮುದುಕಿ, ವಾಸಿಯಾಗದ ರೋಗದವನು. ಅವರ ನಾಳೆಯು ಹೇಗಿರುವದೋ ನಾವರಿಯೆವು; ಅವರೂ ಅರಿಯರು. ಅರಿಯದೆ ಇರುವದರಿಂದಲೇ ಈ ಸಾಯಂಕಾಲ ಅವರ ಬಾಗಿಲಿಗೆ ಹೋಗುವದಕ್ಕೆ ನಮಗೆ ಇನ್ನೂ ಸಮಯವುಂಟು.