ಕಂಡದ್ದೂ ತಿಳಿದದ್ದೂ

ಕಣ್ಣಾರೆ ಕಂಡು ಹೇಳಿದ ಮಾತೂ ಕೆಲವೊಮ್ಮೆ ತಪ್ಪಾಗುವುದುಂಟು. ಅಂಥ ಮಾತನ್ನು ಅಸತ್ಯವೆಂದು ಎಣಿಸಬೇಕೆ? ಅದನ್ನಾಡಿದವನಿಗೆ ಸುಳ್ಳಾಡಿದ ದೋಷವು ತಟ್ಟುವುದೆ? ಸತ್ಯವನ್ನೇ ನುಡಿಯಬೇಕೆಂಬ ನೇಮವುಳ್ಳ ಗೃಹಸ್ಥನಿಗೆ ಈ ಸಂದೇಹವು ಒಂದಲ್ಲ ಒಂದು ದಿನ ಬಾರದಿರದು. ತಪ್ಪೀತೆಂಬ ಅಳುಕಿನಿಂದ ಅವನು ಬಾಯಿ ಮುಚ್ಚಿ ಕುಳಿತರೆ ಲೋಕಕ್ಕೆ ಅವನ ಅನುಭವದಿಂದ ಪ್ರಯೋಜನವಿಲ್ಲ. ಅಳುಕಿಲ್ಲದೆ ನುಡಿದರೆ ತಪ್ಪಿನ ಹೊಣೆಯನ್ನು ಹೊರಬೇಕಾಗುವುದು. ಈ ವಿಷಯದ ವಿವೇಚನೆಗೆ, ಮನೆಯ ಹಿತ್ತಲಲ್ಲಿ ನಿಂತು ಆಕಾಶದ ಛಾಯಾಚಿತ್ರಗಳನ್ನು ತೆಗೆದ ಒಬ್ಬ ಗೃಹಸ್ಥರ ವೃತ್ತಾಂತವು ಬಹಳ ಸಹಾಯಕವಾಗಿದೆ.

ಐಸಾಕ್ ರಾಬರ್ಟ್ಸ್ ಎಂಬುವರು 1829 ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತದಲ್ಲಿ ಜನಿಸಿದವರು. ಲಿವರ್‌ಪೂಲ್ ನಗರದಲ್ಲಿ ಕಟ್ಟಡ ಕಟ್ಟಿಸುವ ಉದ್ಯೋಗವನ್ನು ಕಲಿತು ಅದರಿಂದಲೇ ಮುಂದೆ ಬಂದರು. ಅವರು ವಿಶ್ವವಿದ್ಯಾಲಯದ ಪಂಡಿತರಲ್ಲ. ಹಗಲಿನಲ್ಲಿ ತಮ್ಮ ಕಾಯಕ, ಇರುಳಿನಲ್ಲಿ ನಕ್ಷತ್ರಗಳ ಅಭ್ಯಾಸ, ಹೀಗೆ ಅವರ ದಿನಗಳು ಸಾಗುತ್ತಿದ್ದವು. 1885 ರಲ್ಲಿ ಅವರು ಲಿವರ್‌ಪೂಲಿನ ಬಳಿಯ ಮಗಲ್ ಎಂಬಲ್ಲಿ ತಮ್ಮ ಮನೆಯ ಆವರಣದಲ್ಲಿಯೇ 20 ಅಂಗುಲ ವ್ಯಾಸದ ಕನ್ನಡಿಯುಳ್ಳ ದುರ್ಬೀನನ್ನು ನಿಲ್ಲಿಸಿದರು.

ಕಣ್ಣಿಗೂ ಛಾಯಾಚಿತ್ರದ ಗಾಜಿನ ಫಲಕಕ್ಕೂ ಒಂದು ಮುಖ್ಯವಾದ ಭೇದವಿದೆ. ಕಣ್ಣು ಆ ಕ್ಷಣದ ಬೆಳಕನ್ನು ಮಾತ್ರ ಕಾಣಬಲ್ಲುದು. ಎಷ್ಟು ಹೊತ್ತು ದಿಟ್ಟಿಸಿದರೂ ಮೊದಲಿನ ಬೆಳಕು ಮುಂದಿನದಕ್ಕೆ ಕೂಡಿಕೊಳ್ಳದು. ಫಲಕವಾದರೋ, ಹನಿಗೂಡಿ ಹಳ್ಳವಾಗುವಂತೆ, ಬಿದ್ದ ಬೆಳಕನ್ನೆಲ್ಲ ಗಂಟೆಗಟ್ಟಲೆ ಕೂಡಿಸಿಕೊಳ್ಳುತ್ತದೆ. ಆದರೆ ಭೂಮಿಯು ತಿರುಗುತ್ತಿರುವುದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ. ಗಡಿಯಾರದಂಥ ಯಂತ್ರವು ದುರ್ಬೀನನ್ನು ಅವುಗಳೊಡನೆ ತಿರುಗಿಸುತ್ತಿದ್ದರೂ ಅದು ಕೂದಲೆಳೆಯಷ್ಟು ತಪ್ಪಿದರೆ ಚಿತ್ರವೆಲ್ಲ ಕಲಸಿಹೋಗುವುದು. ಆದುದರಿಂದ ಚಳಿಗಾಲದ ಇರುಳಿನಲ್ಲಿ ಒಂದೇ ನಕ್ಷತ್ರದ ಮೇಲೆ ಕಣ್ಣಿಟ್ಟು, ತಪ್ಪಿದೊಡನೆ ತಿದ್ದುತ್ತ ಕಾದಿರಬೇಕು.

ಹೀಗೆ ಕಾದುದರ ಫಲವಾಗಿ 1888 ನೆಯ ಡಿಸೆಂಬರ್ 29 ರಂದು ಆಂಡ್ರೊಮಿಡಾ ಎಂಬ ನೀಹಾರಿಕೆಯ ಚಿತ್ರವೊಂದು ಅವರಿಗೆ ದೊರೆಯಿತು. ಬರಿಗಣ್ಣಿಗೆ ಅದು ಮಂಜಿನ ತುಣುಕು. ದುರ್ಬೀನಿನಲ್ಲಿ ನೋಡಿದವರು ಅದರಲ್ಲಿ ಕೆಲವು ಕಪ್ಪು ಗೆರೆಗಳನ್ನು ಕಂಡಿದ್ದರೂ ಅವುಗಳ ಸಂಬಂಧವನ್ನು ಅರಿತಿರಲಿಲ್ಲ. ನಡುವೆ ಉಜ್ಜ್ವಲವಾದ ಬೆಳಕು, ಅದರ ಸುತ್ತ ಸುರುಳಿಯಾಗಿ ಬಳಸಿರುವ ಪಟ್ಟಿಗಳು, ಹೀಗೆ ಆ ನೀಹಾರಿಕೆಯ ನಿಜವಾದ ಆಕಾರವು ಫಲಕದ ಮೇಲೆ ಮೂಡಿತು.

ಅದನ್ನು ಕಂಡ ರಾಬರ್ಟ್ಸರು, ಹೊಸದೊಂದು ಸೂರ್ಯಮಂಡಲವು ಹುಟ್ಟುತ್ತಿರುವುದು ಇದೇ ಎಂದು ಭಾವಿಸಿದರು. ನಡುವಿನ ಬೆಳಕು ಸೂರ್ಯನಾಗುವುದು, ಸುತ್ತಲಿನ ಪಟ್ಟಿಗಳು ಗ್ರಹಗಳಾಗುವುವು ಎಂಬುದು ಅವರ ತಿಳಿವಳಿಕೆಯಾಗಿತ್ತು. ಅದು ತಪ್ಪು. 1923 ರಲ್ಲಿ ಎಡ್ವಿನ್ ಹಬಲ್ ಎಂಬ ವಿದ್ವಾಂಸರು ಅಮೆರಿಕೆಯ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಆ ನೀಹಾರಿಕೆಯೊಳಗೆ ಗುರುತಿಸಿ, ಅದರಿಂದ ದೂರವನ್ನು ಅಳೆದರು. ಅದು ನಮ್ಮ ಆಕಾಶಗಂಗೆಯಿಂದ ಬಹುದೂರದಲ್ಲಿರುವ, ಅಸಂಖ್ಯಾತ ನಕ್ಷತ್ರಗಳ ಬೇರೊಂದು ಗೆಲಾಕ್ಸಿಯೆಂಬುದು ಸಿದ್ಧವಾಯಿತು. ಹಬಲ್ಲರ ಅಳತೆಯೂ ನಿರ್ದುಷ್ಟವಾಗಿರಲಿಲ್ಲ. ಅಂಥ ನಕ್ಷತ್ರಗಳಲ್ಲಿ ಎರಡು ಬಗೆಗಳಿವೆಯೆಂದು 1952 ರಲ್ಲಿ ವಾಲ್ಟರ್ ಬಾಡೆಯವರು ತೋರಿಸಿದ ಮೇಲೆ ಆ ದೂರವು ಇಮ್ಮಡಿಯಾಯಿತು. ಇಂದಿನ ಗಣನೆಯಂತೆ ಅದು ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ಹಾಗಾದರೆ ರಾಬರ್ಟ್ಸರು ಅಸತ್ಯವಾದಿಗಳೆ? ಅವರ ಫಲಕದಲ್ಲಿ ಒಂದು ಗೆರೆಯೂ ಸುಳ್ಳಲ್ಲ. ನೋಟವು ಸತ್ಯ, ಅದಕ್ಕೆ ಹೇಳಿದ ಅರ್ಥವು ತಪ್ಪು. ಅವರು ತಮ್ಮ ಅಭಿಪ್ರಾಯವನ್ನಷ್ಟೇ ಹೇಳಿ ಫಲಕವನ್ನು ಬಚ್ಚಿಡಲಿಲ್ಲ. 1893 ರಲ್ಲಿಯೂ 1899 ರಲ್ಲಿಯೂ ಎರಡು ಸಂಪುಟಗಳಲ್ಲಿ ನಕ್ಷತ್ರಗುಚ್ಛಗಳ ಮತ್ತು ನೀಹಾರಿಕೆಗಳ ಚಿತ್ರಗಳನ್ನು, ತೆಗೆದ ದಿನ ಮತ್ತು ಹಿಡಿದ ಕಾಲದ ವಿವರಗಳೊಡನೆ ಲೋಕದ ಮುಂದಿಟ್ಟರು. ತಮ್ಮ ಮಾತನ್ನು ತಿದ್ದಬಲ್ಲ ಸಾಧನವನ್ನು ತಾವೇ ಪರರ ಕೈಗೆ ಕೊಟ್ಟಂತಾಯಿತು. ತಪ್ಪಿಗೂ ಸುಳ್ಳಿಗೂ ಇರುವ ಅಂತರವಿದು. ತಿದ್ದುವವನಿಗೆ ದಾರಿಯನ್ನು ತೆರೆದಿಟ್ಟ ತಪ್ಪು ಕ್ಷಮಾರ್ಹ. ತಪ್ಪೆಂದು ಅರಿತ ಮೇಲೂ ಅದನ್ನೇ ಸಾಧಿಸುವವನ ಮಾತಾದರೋ ಅರಿತ ಗಳಿಗೆಯಿಂದಲೇ ಸುಳ್ಳಾಗುತ್ತದೆ. ರಾಬರ್ಟ್ಸರಿಗೆ ಆ ಪರೀಕ್ಷೆ ಬರಲಿಲ್ಲ. ಅವರು 1904 ರಲ್ಲಿಯೇ ತೀರಿಕೊಂಡರು.

ಇಂದು ಹಿತ್ತಲಲ್ಲಿ ಸಣ್ಣ ದುರ್ಬೀನಿಟ್ಟು ಇಂಥ ಚಿತ್ರಗಳನ್ನು ತೆಗೆಯುವ ಗೃಹಸ್ಥರು ಅನೇಕ ದೇಶಗಳಲ್ಲಿದ್ದಾರೆ. ಗಾಜಿನ ಫಲಕದ ಸ್ಥಾನಕ್ಕೆ ವಿದ್ಯುತ್ ಕ್ಯಾಮೆರಾ ಬಂದಿದೆ. ಅವರು ಅನುಸರಿಸುವ ಒಂದು ಕ್ರಮವು ಮನನಯೋಗ್ಯವಾದುದು. ಕ್ಯಾಮೆರಾ ತನ್ನ ಶಾಖದಿಂದಲೇ ಇಲ್ಲದ ಚುಕ್ಕೆಗಳನ್ನು ಮೂಡಿಸುತ್ತದೆ. ಆದುದರಿಂದ ಅವರು ದುರ್ಬೀನಿನ ಬಾಯಿಯನ್ನು ಮುಚ್ಚಿ, ಅಷ್ಟೇ ಹೊತ್ತು ಬರಿಯ ಕತ್ತಲೆಯ ಚಿತ್ರವನ್ನು ತೆಗೆಯುತ್ತಾರೆ. ಕತ್ತಲೆಯಲ್ಲಿಯೂ ಕಂಡ ಚುಕ್ಕೆಯು ಆಕಾಶದ್ದಲ್ಲ, ಉಪಕರಣದ್ದೇ ಎಂದು ನಿಶ್ಚಯಿಸಿ ಅದನ್ನು ನಕ್ಷತ್ರಗಳ ಚಿತ್ರದಿಂದ ಕಳೆಯುತ್ತಾರೆ. ಮಂಕಾಗಿರುವ ಬೆಳಕನ್ನು ಎತ್ತಿ ತೋರಿಸುವುದಕ್ಕೂ ಅವರಲ್ಲಿ ಅವಕಾಶವುಂಟು. ಆದರೆ ಅಲ್ಲಿಲ್ಲದುದನ್ನು ಅಂದಕ್ಕಾಗಿ ಕೂಡಿಸಿದರೆ ಆ ಚಿತ್ರವು ಸಾಕ್ಷಿಯಾಗಿ ಉಳಿಯದು.

ಪ್ರಾಮಾಣಿಕನಾದ ವರ್ತಕನು ಸರಕು ಹಾಕುವ ಮೊದಲು ಬರಿದಾದ ತಕ್ಕಡಿಯನ್ನು ಎತ್ತಿ ತೋರಿಸುವುದೂ ಇದೇ ನ್ಯಾಯದಿಂದ. ಮನುಷ್ಯನ ಮನಸ್ಸೆಂಬ ತಕ್ಕಡಿಗೂ ಇದು ಬೇಕಲ್ಲವೆ? ಇರುಳಿನಲ್ಲಿ ನೆರೆಯವನ ಕಣದಿಂದ ಒಬ್ಬನು ಹೊರಬಂದುದನ್ನು ಕಂಡವನು, ಬೆಳಗಾಗುವಷ್ಟರಲ್ಲಿ ಅವನನ್ನು ಕಳ್ಳನೆಂದು ಊರಿಗೆಲ್ಲ ಸಾರುತ್ತಾನೆ. ಕಂಡದ್ದು ಹೊರಬಂದುದನ್ನು ಮಾತ್ರ. ಕಳ್ಳತನವು ಇವನ ಮನಸ್ಸಿನ ಹಳೆಯ ಮುನಿಸು ಮೂಡಿಸಿದ ಚುಕ್ಕೆ. ಒಂದು ಮನೆತನದ ಮಾನವು ಆ ಚುಕ್ಕೆಯಿಂದ ಹೋಗಬಹುದು. ಅಂತರಂಗದ ಶುದ್ಧಿಯನ್ನು ಶರಣರು ಅಷ್ಟು ಒತ್ತಿ ಹೇಳಿದುದರ ವ್ಯಾವಹಾರಿಕ ಫಲವನ್ನು ಇಂಥಲ್ಲಿ ಕಾಣಬಹುದು. “ನಾನು ಕಂಡದ್ದು ಇಷ್ಟು, ಊಹಿಸಿದ್ದು ಇಷ್ಟು” ಎಂದು ಬೇರ್ಪಡಿಸಿ ಹೇಳುವ ಅಭ್ಯಾಸವನ್ನು ಸದ್ಗೃಹಸ್ಥರು ತಮ್ಮ ಮನೆಯ ಮಕ್ಕಳಿಗೂ ಕಲಿಸತಕ್ಕದ್ದು.

ಕಾರ್ತಿಕ ಮಾಸದ ಕೃಷ್ಣಪಕ್ಷದಲ್ಲಿ, ಊರ ದೀಪಗಳಿಂದ ದೂರದಲ್ಲಿ ನಿಂತು, ಸಂಜೆ ಕಳೆದ ಮೇಲೆ ನೆತ್ತಿಯಿಂದ ಕೊಂಚ ಉತ್ತರಕ್ಕೆ ನೋಡಿದರೆ ಆ ನೀಹಾರಿಕೆಯು ಇಂದಿಗೂ ಮಂಜಿನ ತುಣುಕಾಗಿಯೇ ಕಾಣುತ್ತದೆ. ಮಂಜಿನಂತೆ ಕಂಡಿತೆಂದು ಹೇಳಿದವನು ಸತ್ಯವನ್ನೇ ನುಡಿದಂತೆ. ಅದು ಮಂಜೇ ಹೌದೆಂದು ವಾದಿಸಬೇಕಾದರೆ ಮಾತ್ರ ಅವನು ಮೊದಲು ತನ್ನ ತಕ್ಕಡಿಯನ್ನು ಬರಿದು ಮಾಡಿ ಎತ್ತಿ ತೋರಿಸಬೇಕು.