ಹಳೆಯ ವಹಿಯ ಶಂಕೆ

ಮನುಷ್ಯನನ್ನು ಕಾಡುವ ಚಿಂತೆಗಳಲ್ಲಿ ಬಹುಪಾಲು ಮುಂದೆ ಬರಲಿರುವುದನ್ನು ಕುರಿತವು. ಹಿಂದೆ ಆಗಿಹೋದುದನ್ನು ಕುರಿತ ಚಿಂತೆಗಳು ಸಂಖ್ಯೆಯಲ್ಲಿ ಕಡಮೆಯಾದರೂ ಹಟದಲ್ಲಿ ಹೆಚ್ಚಿನವು. ಅಂಥವುಗಳಲ್ಲಿ ನೋಡುವವರಿಗೆ ಅಲ್ಪವೆಂದು ತೋರುವ, ಆದರೆ ಅನೇಕ ಗೃಹಸ್ಥರ ನಿದ್ರೆಯನ್ನು ಕೆಡಿಸಿರುವ ಒಂದು ಚಿಂತೆಯುಂಟು. ಎಳವೆಯಲ್ಲಿ ಕಲಿತ ಶಾಲೆಯ ದಾಖಲೆಯಲ್ಲಿ ತನ್ನ ಹೆಸರೋ, ಜನ್ಮದಿನವೋ, ತಂದೆಯ ಹೆಸರೋ ತಪ್ಪಾಗಿದ್ದೀತು, ಎಂದೋ ಒಂದು ದಿನ ಅದು ಹೊರಬಿದ್ದೀತು ಎಂಬ ಶಂಕೆಯೇ ಅದು. ಇದು ಕಛೇರಿಯ ವಿಷಯ, ಧರ್ಮವಿಚಾರಕ್ಕೆ ಇದರಲ್ಲೇನಿದೆ ಎಂದು ಯಾರಾದರೂ ಕೇಳಬಹುದು. ಶರಣಧರ್ಮವಾದರೋ ಲೆಕ್ಕದ ಪುಸ್ತಕವನ್ನೂ ಅಕ್ಕಿಯ ಕಾಳನ್ನೂ ತನ್ನ ವಿಚಾರಣೆಯಿಂದ ಹೊರಗಿಟ್ಟುದಿಲ್ಲ.

ಮೊದಲು ಆ ವಹಿ ಹೇಗೆ ಹುಟ್ಟಿತೆಂಬುದನ್ನು ನೋಡಬೇಕು. ಜನನ ಮರಣಗಳ ನೋಂದಣಿಯನ್ನು ದೇಶಕ್ಕೆಲ್ಲ ಕಡ್ಡಾಯ ಮಾಡಿದ ಅಧಿನಿಯಮ ಬಂದುದು 1969ರಲ್ಲಿ. ಅದಕ್ಕೆ ಮುಂಚೆಯೂ, ಹಳ್ಳಿಗಳಲ್ಲಿ ಅದಾದ ಎಷ್ಟೋ ವರ್ಷಗಳ ಮೇಲೆಯೂ, ಮಗುವಿನ ಜನ್ಮದಿನ ಉಳಿಯುತ್ತಿದ್ದುದು ತಾಯಿಯ ನೆನಪಿನಲ್ಲಿ. ಶಾರ್ವರಿ ಸಂವತ್ಸರ, ನಾಗರಪಂಚಮಿಯ ಮಾರನೆಯ ದಿನ, ಹಳ್ಳಕ್ಕೆ ಮಹಾಪೂರ ಬಂದ ವರ್ಷ ಎಂದು ಆಕೆ ಹೇಳುವಳು. ಅದನ್ನು ಇಂಗ್ಲಿಷ್ ತಾರೀಖಿಗೆ ಇಳಿಸುವ ಕೆಲಸ ಮಾಸ್ತರರ ಪಾಲಿಗೆ ಬರುತ್ತಿತ್ತು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಕಿವಿಯನ್ನು ಮುಟ್ಟಿಸುವುದು, ಮುಟ್ಟಿದರೆ ಶಾಲೆಗೆ ಯೋಗ್ಯವಾದ ವಯಸ್ಸೆಂದು ಎಣಿಸುವುದು, ಶಾಲೆ ತೆರೆಯುವ ತಿಂಗಳೆಂದು ಜೂನ್ 1ನೆಯ ತಾರೀಖನ್ನು ಬರೆದುಬಿಡುವುದು, ಇದು ಸಾಮಾನ್ಯವಾಗಿ ನಡೆದುಬಂದ ಪದ್ಧತಿ. ಒಂದೇ ತರಗತಿಯ ಎಷ್ಟೋ ಮಕ್ಕಳು ಒಂದೇ ದಿನ ಹುಟ್ಟಿದ ವಿಸ್ಮಯ ಹೀಗೆ ಸಂಭವಿಸಿತು. ತಿಂಗಳ 1ನೆಯ ತಾರೀಖು ಹುಟ್ಟಿದ ನೌಕರನು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತನಾಗಬೇಕೆಂಬುದು ನಿಯಮ. ಆದುದರಿಂದ ಮೇ 31 ನಮ್ಮ ನಾಡಿನಲ್ಲಿ ಹಾರ ತುರಾಯಿಗಳ ದಿನವಾಗಿರುವುದೂ ಆ ಮಾಸ್ತರರ ಲೇಖನಿಯ ಫಲವೇ.

ಇದಕ್ಕೆ ಆಡಳಿತದ ತೊಡಕುಗಳೂ ಸೇರಿದವು. 1956ರ ನವೆಂಬರ್ 1ಕ್ಕೆ ಮುಂಚೆ ಕನ್ನಡನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಕಛೇರಿಯ ಭಾಷೆ ಉರ್ದು, ವರ್ಷದ ಲೆಕ್ಕ ಫಸಲಿ. ಕ್ರಿಸ್ತಶಕಕ್ಕೂ ಫಸಲಿಗೂ ಸುಮಾರು 590 ವರ್ಷಗಳ ಅಂತರ. ಒಂದು ಲಿಪಿಯಿಂದ ಇನ್ನೊಂದಕ್ಕೆ, ಒಂದು ಶಕೆಯಿಂದ ಇನ್ನೊಂದಕ್ಕೆ ದಾಟುವಾಗ ಒಂದಕ್ಷರ, ಒಂದಂಕೆ ಜಾರದಿದ್ದರೆ ಅದೇ ಆಶ್ಚರ್ಯ. ಮನೆಯಲ್ಲಿ ಬಸಪ್ಪನೆನಿಸಿದವನು ವಹಿಯಲ್ಲಿ ಬಸವರಾಜನಾದನು. ಮನೆತನದ ಅಡ್ಡಹೆಸರು ಒಮ್ಮೆ ಹೆಸರಿನ ಮುಂದೆ, ಒಮ್ಮೆ ಹಿಂದೆ ನಿಂತಿತು. ಅಣ್ಣನ ಜಾತಿಯ ಕಲಮಿನಲ್ಲಿ ಲಿಂಗಾಯತನೆಂದೂ ತಮ್ಮನ ಕಲಮಿನಲ್ಲಿ ಒಳಪಂಗಡದ ಹೆಸರನ್ನೂ ಬರೆದುದುಂಟು. ಕುಲವನ್ನೆಣಿಸದ ಶರಣರ ಸಂತತಿಯು ಈ ಕಲಮಿನ ಸಲುವಾಗಿ ಕಛೇರಿಗಳ ಮೆಟ್ಟಿಲು ಹತ್ತಿಳಿಯುವುದು ಬೇರೊಂದು ವಿಷಾದದ ಕಥೆ. ಇಲ್ಲಿ ಅದು ಬೇಡ.

ಹೀಗೆ ಹುಟ್ಟಿದ ವಹಿಯ ತಪ್ಪು ಯಾರ ತಪ್ಪು? ಆರು ವರ್ಷದ ಕೂಸು ತನ್ನ ವಯಸ್ಸನ್ನು ತಾನು ಹೇಳಲಿಲ್ಲ. ತಂದೆ ನೆನಪಿದ್ದಷ್ಟನ್ನು ನುಡಿದನು, ಮಾಸ್ತರರು ತಿಳಿದಷ್ಟನ್ನು ಬರೆದರು. ಶಾಲೆಯ ವಹಿಯಲ್ಲಿ ಬರೆದ ಜನ್ಮದಿನವನ್ನು ಯಾರ ಮಾತಿನ ಮೇಲೆ ಬರೆದರೆಂಬುದಕ್ಕೆ ಸಾಕ್ಷ್ಯವಿಲ್ಲದಿದ್ದರೆ ಆ ಬರೆಹಕ್ಕೆ ಹೆಚ್ಚಿನ ಬೆಲೆಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 1988ರಲ್ಲಿ ಹೇಳಿತು. ಮಸಿಗೆ ತಾನಾಗಿ ಸತ್ಯವಿಲ್ಲ. ಮಸಿಯ ಹಿಂದಿನ ನಾಲಗೆಯನ್ನು ನೋಡಬೇಕೆಂಬುದು ಅದರ ಅಭಿಪ್ರಾಯ. ಇಷ್ಟರ ಮಟ್ಟಿಗೆ ಕೂಸು ನಿರ್ದೋಷಿ. ಆದರೆ ಅದೇ ಕೂಸು ಬೆಳೆದು, ಇಪ್ಪತ್ತು ದಾಟಿ, ನೌಕರಿಯ ಅರ್ಜಿಯಲ್ಲಿ ಅದೇ ತಾರೀಖನ್ನು ತನ್ನ ಕೈಯಿಂದ ಬರೆದು ಸಹಿ ಮಾಡಿದಾಗ ಪ್ರಶ್ನೆ ಬೇರೆಯಾಗುತ್ತದೆ. ತಿಳಿಯದೆ ಸಹಿ ಮಾಡಿದವನಿಗೆ ಹುಸಿಯ ದೋಷ ಅಂಟದು. ತಿಳಿದು ಮಾಡಿದವನು ಮಾಸ್ತರರ ತಪ್ಪನ್ನು ಆ ಗಳಿಗೆಯಲ್ಲಿ ತನ್ನದಾಗಿ ಮಾಡಿಕೊಂಡನು.

ಶಂಕೆಯಲ್ಲಿ ಎರಡು ಬಗೆಯಿರುವುದು ಇಲ್ಲಿ ಕಾಣುತ್ತದೆ. ಒಬ್ಬನು ತಪ್ಪಿಗೆ ಅಂಜುವನು, ಇನ್ನೊಬ್ಬನು ತಪ್ಪು ಬಯಲಾಗುವುದಕ್ಕೆ ಅಂಜುವನು. ಹೊರಗಿನಿಂದ ನೋಡಿದರೆ ಇಬ್ಬರ ಮುಖವೂ ಬಾಡಿರುತ್ತದೆ. ಅವರನ್ನು ಬೇರ್ಪಡಿಸುವ ಪರೀಕ್ಷೆ ಸುಲಭ: ಊರಿಗೆ ಹೋಗಿ, ಮುಖ್ಯೋಪಾಧ್ಯಾಯರಿಗೆ ಅರ್ಜಿ ಕೊಟ್ಟು, ಆ ವಹಿಯನ್ನು ತೆರೆಸಿ ನೋಡಲು ಮೊದಲನೆಯವನು ಸಿದ್ಧನಿರುವನು, ಎರಡನೆಯವನು ಆ ಕಪಾಟಿಗೆ ಗೆದ್ದಲು ಹಿಡಿಯಲೆಂದು ಹಾರೈಸುವನು. ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರ ಮೇಲೆ ಹಣವನ್ನು ಜಂಗಮರಿಗೆ ವ್ಯಯಿಸಿದರೆಂಬ ದೂರು ಬಂದಾಗ ಅವರು ಭಂಡಾರವನ್ನು ತೆರೆದು ತೋರಿಸಿದರೆಂದೂ ಲೆಕ್ಕ ಸರಿಯಾಗಿತ್ತೆಂದೂ ಪುರಾಣಗಳು ಹೇಳುತ್ತವೆ. ಭಕ್ತರು ಈ ಕಥೆಯಲ್ಲಿ ಪವಾಡವನ್ನು ಮೆಚ್ಚುವುದುಂಟು. ಎಣಿಸಿರೆಂದು ಹೇಳಿದ ಧೈರ್ಯ ಅದಕ್ಕಿಂತ ದೊಡ್ಡದು.

ವಹಿಯನ್ನು ತೆರೆಸಿ ನೋಡಿದಾಗ ತಪ್ಪು ನಿಜವಾಗಿಯೂ ಇದ್ದರೆ ಏನು ಮಾಡಬೇಕು? ಹೆಸರಿನ ಅಕ್ಷರ ತಪ್ಪಿದ್ದರೆ ಪ್ರಮಾಣಪತ್ರ ಮಾಡಿಸಿ ತಿದ್ದಿಸಿಕೊಳ್ಳುವ ದಾರಿಯಿದೆ, ಅಲೆದಾಟವಿದ್ದರೂ ಅಧರ್ಮವಿಲ್ಲ. ವಯಸ್ಸು ಹೆಚ್ಚಾಗಿ ಬರೆಯಲ್ಪಟ್ಟವನು ಒಂದೆರಡು ವರ್ಷದ ಸೇವೆಯನ್ನು ಕಳೆದುಕೊಳ್ಳುತ್ತಾನೆ. ಅವನ ನೋವು ನ್ಯಾಯವಾದುದೇ. ಆದರೆ ರಾಜ್ಯ ನೌಕರರ ವಯಸ್ಸನ್ನು ನಿರ್ಧರಿಸುವ ಕರ್ನಾಟಕದ 1974ರ ಅಧಿನಿಯಮವು, ಸೇವಾಪುಸ್ತಕದಲ್ಲಿ ಜನ್ಮದಿನ ದಾಖಲಾದ ಮೂರು ವರ್ಷಗಳೊಳಗೆ ಅರ್ಜಿ ಕೊಡದವನಿಗೆ ಬಾಗಿಲು ಮುಚ್ಚಿದೆ. ಜನ್ಮದಿನದ ಬದಲಾವಣೆಯನ್ನು ಹಕ್ಕೆಂದು ಕೇಳಲಾಗದೆಂದು ಸರ್ವೋಚ್ಚ ನ್ಯಾಯಾಲಯವೂ 2021ರಲ್ಲಿ ಕರ್ನಾಟಕದ ಒಂದು ಮೊಕದ್ದಮೆಯಲ್ಲಿ ಹೇಳಿತು. ಇಂಥವನು ನಷ್ಟವನ್ನು ನಷ್ಟವೆಂದು ಒಪ್ಪಿ ಮುಂದೆ ನಡೆಯಬೇಕಾದೀತು.

ಕಠಿನವಾದುದು ಇದರ ವಿರುದ್ಧದ ಸಂಗತಿ. ವಯಸ್ಸು ಕಡಮೆಯಾಗಿ ಬರೆಯಲ್ಪಟ್ಟು, ಅರವತ್ತು ತುಂಬಿದ ಮೇಲೆಯೂ ಒಂದೆರಡು ವರ್ಷ ಕುರ್ಚಿಯಲ್ಲಿ ಕುಳಿತಿರುವವನು ಏನು ಮಾಡಬೇಕು? ಅವನಿಗೆ ಸಮಾಧಾನ ಹೇಳುವವರು ಬಹಳ. ದುಡಿದೇ ಉಂಡೆಯಲ್ಲ, ಕಾಯಕವಿಲ್ಲದ ಕೂಳೇನೂ ಅಲ್ಲ ಎನ್ನುವರು. ಗಡುವು ಮೀರಿದೆ, ಕಾನೂನೇ ತಿದ್ದಬೇಡವೆನ್ನುತ್ತದೆ ಎನ್ನುವರು. ಈ ಎರಡನೆಯ ಮಾತು ಅರ್ಧ ಮಾತ್ರ ನಿಜ. ಆ ಅಧಿನಿಯಮದ ಗಡುವು ನೌಕರನಿಗೆ ಅನುಕೂಲವಾಗುವ ತಿದ್ದುಪಡಿಗೆ ಹಾಕಿದುದು. ತನಗೆ ಪ್ರತಿಕೂಲವಾದ ಸತ್ಯವನ್ನು ತಾನೇ ಮುಂದಾಗಿ ಹೇಳುವವನನ್ನು ಯಾವ ಗಡುವೂ ತಡೆಯದು. ಮೊದಲನೆಯ ಮಾತಿಗೆ ಉತ್ತರ ಆಯ್ದಕ್ಕಿ ಲಕ್ಕಮ್ಮನ ಮನೆಯಲ್ಲಿದೆ. ಮಾರಯ್ಯನು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದನು. ಅದು ಕಳವಲ್ಲ, ಬಾಗಿ ಆಯ್ದ ಶ್ರಮವೂ ಅವನದೇ. ಆದರೂ ಲಕ್ಕಮ್ಮನು ಆ ಹೆಚ್ಚಳವನ್ನು ತಿರುಗಿ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಕೆಲಸ ಮಾಡಿದೆನೆಂಬುದೊಂದೇ ಗಳಿಕೆಯನ್ನು ಶುದ್ಧ ಮಾಡದೆಂದು ಆ ತಾಯಿಗೆ ಗೊತ್ತಿತ್ತು. ಕುರ್ಚಿಯ ಹೆಚ್ಚಿನ ವರ್ಷಕ್ಕೂ ಒಬ್ಬ ಒಡೆಯನಿದ್ದಾನೆ. ಬಡ್ತಿಗೆ ಕಾದಿರುವ ಸಹೋದ್ಯೋಗಿ, ಅವನ ಹಿಂದೆ ನೇಮಕಕ್ಕೆ ಕಾದಿರುವ ಎಲ್ಲಿಯದೋ ಊರಿನ ಹುಡುಗ. ಅವರ ಹೆಸರು ಗೊತ್ತಿಲ್ಲವೆಂಬ ಕಾರಣದಿಂದ ಅವರು ಇಲ್ಲವಾಗುವುದಿಲ್ಲ.

ಹಾಗೆಂದು ಹೆಣ್ಣುಮಗಳ ಮದುವೆಯ ಸಾಲ ಹೊತ್ತ ಗೃಹಸ್ಥನಿಗೆ ಈ ಮಾತನ್ನು ಹೇಳುವುದು ಸುಲಭವಲ್ಲ, ಕೇಳುವುದಂತೂ ಇನ್ನೂ ಕಷ್ಟ. ಖಚಿತವಾಗಿ ತಿಳಿದುದಕ್ಕೂ ಊಹೆಗೂ ವ್ಯತ್ಯಾಸವನ್ನೂ ಮಾಡಲೇಬೇಕು. ಮುದಿ ಸೋದರತ್ತೆ ಒಂದು ವರ್ಷ ಎಂದಳು, ಚಿಕ್ಕಪ್ಪ ಎರಡು ಎಂದನು, ಎಂಬಷ್ಟಕ್ಕೆ ಯಾರೂ ರಾಜೀನಾಮೆ ಬರೆಯಬೇಕಿಲ್ಲ. ಆದರೆ ತಂದೆಯ ಕೈಬರೆಹದ ಜಾತಕವೇ ಪೆಟ್ಟಿಗೆಯಲ್ಲಿದ್ದು, ಅದನ್ನು ಓದಿಯೂ ಮತ್ತೆ ಬೀಗ ಹಾಕಿದವನ ಮಾತು ಬೇರೆ. ಅವನು ಸ್ವೇಚ್ಛೆಯಿಂದ ನಿವೃತ್ತಿ ಬೇಡಬಹುದು, ಮೇಲಧಿಕಾರಿಗೆ ಬರೆದು ತಿಳಿಸಬಹುದು. ಹೆಚ್ಚಿನ ಸಂಬಳದಲ್ಲಿ ಒಂದು ಪಾಲನ್ನು ದಾಸೋಹಕ್ಕೆ ಕೊಟ್ಟು ಸಮಾಧಾನಗೊಳ್ಳುವ ದಾರಿ ಮಾತ್ರ ಶರಣಮಾರ್ಗದಲ್ಲಿಲ್ಲ. ಸತ್ಯಶುದ್ಧವಲ್ಲದ ಗಳಿಕೆ ದಾಸೋಹಕ್ಕೆ ಸಲ್ಲದೆಂದು ಅವರೇ ಕಟ್ಟು ಮಾಡಿದ್ದಾರೆ.

ಇನ್ನು ನೋಡಿಯೂ ಏನೂ ಸಿಕ್ಕದವನ ಚಿಂತೆ. ವಹಿ ಸರಿಯಿದೆ, ಅಂಕಪಟ್ಟಿ ಸರಿಯಿದೆ. ಆದರೂ ಮತ್ತೊಂದು ಪ್ರತಿಯಲ್ಲಿ ತಪ್ಪಿದ್ದೀತೆಂದು ಅವನು ಪುನಃ ಅರ್ಜಿ ಬರೆಯುತ್ತಾನೆ. ಗಣಿತದ ಅಂಕವನ್ನು ಪರೀಕ್ಷಕರು ತಪ್ಪಾಗಿ ಕೂಡಿಸಿ ತನ್ನನ್ನು ತೇರ್ಗಡೆ ಮಾಡಿರಬಹುದೆಂದು ನಲವತ್ತು ವರ್ಷಗಳ ಮೇಲೆ ಕೊರಗುವವರೂ ಇದ್ದಾರೆ. ಇದು ಸತ್ಯನಿಷ್ಠೆಯ ವೇಷ ತೊಟ್ಟು ಬಂದ ಅಹಂಭಾವ. ತನ್ನ ಕಾಗದದ ಮೇಲೆಯೇ ಕಣ್ಣಿಟ್ಟವನಿಗೆ ಎದುರು ನಿಂತ ಮನುಷ್ಯ ಕಾಣುವುದಿಲ್ಲ. ಅಂಥವನಿಗೆ ಮನೆಯವರು ಆ ಕಾಗದಗಳ ಕಟ್ಟನ್ನು ಎತ್ತಿಟ್ಟು ಹೊಲದ ಕೆಲಸಕ್ಕೋ ಅಂಗಡಿಯ ಕೆಲಸಕ್ಕೋ ಕರೆದೊಯ್ದರೆ ಉಪಕಾರವಾದೀತು.

ಈ ವಯಸ್ಸಿನ ಗೃಹಸ್ಥರ ಮನೆಯಲ್ಲಿ ಈಗ ಮೊಮ್ಮಕ್ಕಳ ಶಾಲೆಯ ಮಾತು ನಡೆದಿರುತ್ತದೆ. 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಯ ಪ್ರವೇಶಕ್ಕೆ ಜನನ ಪ್ರಮಾಣಪತ್ರವೇ ಜನ್ಮದಿನದ ಆಧಾರವೆಂದು 1969ರ ಅಧಿನಿಯಮಕ್ಕೆ ತಿದ್ದುಪಡಿಯಾಗಿದೆ. ಕಿವಿ ಮುಟ್ಟಿಸಿ ನೋಡುವ ಕಾಲ ಮುಗಿಯಿತು. ಆ ಪತ್ರದಲ್ಲಿಯೂ ಹೆಸರನ್ನು ಹೇಳುವವರು ಮನೆಯವರೇ, ಬರೆಯುವವನು ಗುಮಾಸ್ತನೇ. ತಪ್ಪು ಕಂಡುಬಂದರೆ ತಿದ್ದುವ ಅಧಿಕಾರ ನೋಂದಣಾಧಿಕಾರಿಗೆ ಅದೇ ಅಧಿನಿಯಮದ 15ನೆಯ ಕಲಮಿನಲ್ಲಿದೆ; ಪತ್ರ ಕೈಗೆ ಬಂದ ದಿನವೇ ತಾತನು ಕನ್ನಡಕ ಹಾಕಿಕೊಂಡು ಒಂದು ಸಲ ಓದಿ ನೋಡಬಹುದು.