ಮುಚ್ಚಿದ ಬಾಗಿಲು (ದಾನಿಯೇಲ 6, ವಿಮೋಚನಕಾಂಡ 12:22)

ದೇವಜನರೇ, ಈಗಲೂ ಕೆಲವರು ಕೇಳ್ತಾರ, "ಪಾಸ್ಟರ್, ಕೊರೊನಾ ಟೈಮ್‌ನಾಗ ಸರ್ಕಾರ ಸಭೆ ಮುಚ್ಚಿಸಿತಲ್ಲ, ದಾನಿಯೇಲನ ಹಂಗ ನಾವೂ ಆಜ್ಞೆ ಮೀರಬೇಕಿತ್ತಲ್ಲ?"

ಆ ಅಧ್ಯಾಯ ಸರಿಯಾಗಿ ಓದ್ರಿ. ಅಲ್ಲಿ ರಾಜಾಜ್ಞೆ ಪ್ರಾರ್ಥನೆಯನ್ನೇ ನಿಷೇಧಿಸಿತು, ಅದಕ್ಕೆ ದಾನಿಯೇಲನು ಮೀರಿದನು. (ಅವನು ಪ್ರಾರ್ಥಿಸಿದ್ದೂ ಮನೆಯಲ್ಲೇ, ಗಮನಿಸ್ರಿ!) 2020ರಲ್ಲಿ ಗುಡಿ, ಮಸೀದಿ, ಚರ್ಚು ಎಲ್ಲಾ ಮುಚ್ಚಿದವು, ಜೂನ್ 8ರಿಂದ ತೆರೆಯಲು ಅನುಮತಿ ಬಂತು. ಏಪ್ರಿಲ್ 12ರ ಈಸ್ಟರ್ ಮನ್ಯಾಗ ಆಯ್ತು. ಐಗುಪ್ತದಲ್ಲಿ ಪಸ್ಕದ ರಾತ್ರಿ, ಬೆಳಗಾಗೋ ತನಕ ಹೊಸ್ತಿಲು ದಾಟಬೇಡಿ ಅಂತ ಹೇಳಿದ್ದು ಮೋಶೆಯೇ. ಒಳಗಿದ್ದವರು ದೇವರನ್ನ ಬಿಟ್ಟವರಲ್ಲ.

ನನಗೆ ಭಾರ ಆಗೋದು 2021ರ ಏಪ್ರಿಲ್ ಕೊನೆಯ ಆಜ್ಞೆ. ಶವಸಂಸ್ಕಾರಕ್ಕೆ 5 ಮಂದಿ. ಸೋಂಕು ತಡೆಯೋಕೆ ಬೇಕಿತ್ತು, ಒಪ್ಪುತ್ತೇನೆ. ಆದರೆ ನಾಲ್ಕು ಮಂದಿ ಹೆಗಲು ಕೊಟ್ಟರೆ ಉಳಿಯೋದು ಒಬ್ಬರೇ. ಎಷ್ಟೋ ಹೆಣ್ಣುಮಕ್ಕಳು ತವರಿನ ಮಣ್ಣಿಗೆ ಬರಲಾಗಲಿಲ್ಲ. ಯೋಬನ ಗೆಳೆಯರು ಏಳು ದಿನ ಅವನ ಹತ್ತಿರ ನೆಲದ ಮೇಲೆ ಸುಮ್ಮನೆ ಕುಳಿತರು. ಬಾಯಿ ತೆರೆದ ಮೇಲೆ ಕೆಡಿಸಿದರು, ಅದು ಬೇರೆ ಮಾತು! ಹಂಗ ಬಂದು ಕೂಡ್ರೋರು ಆ ಮನೆಗಳಿಗೆ ಸಿಗಲಿಲ್ಲ. ಆಜ್ಞೆ ತೆಗೆದು ವರ್ಷಗಳಾದವು. ನಾವು ಹೋಗಿ ಕೂತೆವಾ?

ಈ ವಾರ ತಿಳವಳ್ಳಿ ಮತ್ತು ಸುತ್ತಲ ಹಳ್ಳಿಗಳಲ್ಲಿ ಆಗ ಸಾವಾದ ಮನೆಗಳಿಗೆ, ವಿಶ್ವಾಸಿಗಳಿರಲಿ ಅಲ್ಲದವರಿರಲಿ, ಇಬ್ಬಿಬ್ಬರು ಹೋಗ್ರಿ. ಪ್ರಸಂಗ ಬ್ಯಾಡ. ಚಹಾ ಕೊಟ್ರ ಕುಡೀರಿ. ತೀರಿಕೊಂಡವರ ಬಗ್ಗೆ ಅವರು ಮಾತಾಡಿದ್ರ ಪೂರ್ತಿ ಕೇಳ್ರಿ. ಪ್ರಾರ್ಥನೆ ಮಾಡ್ರಿ ಅಂದ್ರ ಮಾತ್ರ ಮಾಡ್ರಿ.